ಲಿಂಗ ಮುಟ್ಟಿ ಹೇಳಬೇಕಾದ ಮಾತು

ರಾಣೆಬೆನ್ನೂರಿನ ಬೀಜದ ಅಂಗಡಿ ಸಿದ್ದರಾಮಪ್ಪನವರು ಬೆಂಗಳೂರಿಗೆ ಹೊರಟಾಗ ತಂಗಿ ಲಕ್ಷ್ಮವ್ವ ಬಸ್ಸಿನ ಕಿಟಕಿ ಹಿಡಿದುಕೊಂಡು ಹೇಳಿದ್ದಳು: "ಹುಡುಗನ ಪಗಾರ, ಮನಿ, ಏನೂ ಕೇಳಬ್ಯಾಡಣ್ಣ. ಕುಡಿಯೂ ಚಟ ಐತೋ ಇಲ್ಲೋ ಅಷ್ಟ ನೋಡು. ನೋಡಿ, ಲಿಂಗ ಮುಟ್ಟಿ ನನಗ ಹೇಳು."

ಲಕ್ಷ್ಮವ್ವನ ಗಂಡ ಕುಡಿದೇ ಸತ್ತವನು. ಮಗಳು ನಿವೇದಿತಾಳಿಗೆ ಅಂಥವನು ಗಂಟುಬೀಳಬಾರದು ಅನ್ನುವುದೊಂದೇ ಅವಳ ಹಟ. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಅಣ್ಣ ಹೋಗಿ ನೋಡಿ ಬಂದರೆ ಅವಳ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು.

ಅಣ್ಣನ ಕಥೆ ಬೇರೆಯೇ ಇತ್ತು. ಬೀಜದ ಕಂಪನಿಯವರ ಮೀಟಿಂಗ್ ಅಂತ ಹುಬ್ಬಳ್ಳಿಗೆ ಹೋದಾಗಲೆಲ್ಲ ಅವರು ಬಿಯರ್ ಕುಡಿಯುತ್ತಿದ್ದರು. ಕುಡುಕರೇನಲ್ಲ, ರುಚಿಯ ಮನುಷ್ಯ. ಹಳೆಯ ಬೀಜ ಯಾವುದು, ಹೊಸದು ಯಾವುದು ಅಂತ ಮೂಸಿಯೇ ಹೇಳುವ ಮೂಗಿಗೆ ಬಾಟಲಿಯ ಬಿಯರ್ ಸಾಕಾಗಿಹೋಗಿತ್ತು. ಬೆಂಗಳೂರಿನ ಸೇಲ್ಸಿನವನೊಬ್ಬ ಬೇರೆ ಆಸೆ ಹುಟ್ಟಿಸಿದ್ದ: "ಪೀಣ್ಯದಲ್ಲೊಂದು ಜಾಗ ಇದೆ ಸಾರ್. ಊರಾಚೆ ಫ್ಯಾಕ್ಟ್ರಿಯಿಂದ ಬೆಳಿಗ್ಗೆ ಪೀಪಾಯಿ ಬರುತ್ತೆ, ಸಂಜೆಗೆ ಖಾಲಿ. ಅದು ಬಿಯರ್ರು. ನೀವು ಕುಡಿಯೋದು ಕಷಾಯ."

ಹುಡುಗನ ಮನೆ ಇದ್ದದ್ದು ಪೀಣ್ಯದ ಪಕ್ಕದ ಬಾಗಲಗುಂಟೆಯಲ್ಲಿ. ಶಿವನೇ ದಾರಿ ಮಾಡಿಕೊಟ್ಟ ಅಂದುಕೊಂಡರು ಸಿದ್ದರಾಮಪ್ಪ. ಇಂಥದ್ದಕ್ಕೆಲ್ಲ ಶಿವನನ್ನು ಎಳೆದು ತರುವುದರಲ್ಲಿ ನಮ್ಮ ಜನ ನಿಸ್ಸೀಮರು.

ಮಧ್ಯಾಹ್ನ ದಾಸರಹಳ್ಳಿಯಲ್ಲಿ ಬಸ್ಸಿಳಿದು, ಲೇತ್ ಶೆಡ್ಡುಗಳ ಸದ್ದಿನ ನಡುವೆ ವಿಚಾರಿಸಿಕೊಂಡು ಜಾಗ ಹುಡುಕಿದರು. ಹೊರಗೆ ಯಾವುದೋ ಗೋದಾಮಿನ ಹಾಗಿತ್ತು. ಕರವಸ್ತ್ರ ತೆಗೆದು ಹಣೆಯ ವಿಭೂತಿ ಒರೆಸಿಕೊಂಡರು. ಕಷ್ಟ ಶುರುವಾದದ್ದು ಆಮೇಲೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದನ್ನು ಎದೆಯ ಮೇಲಿಟ್ಟುಕೊಂಡು ಕುಡಿಯುವಷ್ಟು ಕೆಟ್ಟವರಲ್ಲ ಅವರು. ಹುಬ್ಬಳ್ಳಿಯಲ್ಲಾದರೆ ಲಾಡ್ಜಿನ ಮೊಳೆಗೆ ನೇತುಹಾಕಿ ಹೋಗುತ್ತಿದ್ದರು. ಇಲ್ಲಿ ಲಾಡ್ಜಿಲ್ಲ. ಪ್ಯಾಂಟಿನ ಜೇಬು ಸೊಂಟದ ಕೆಳಗಾಯಿತು, ಆಗದು. ಬ್ಯಾಗಿನಲ್ಲಿ ಚಪ್ಪಲಿ, ಹಾಕಿ ಬಿಟ್ಟ ಬಟ್ಟೆ. ಒಳಗೆ ಹೋಗಿ ಕಣ್ಣಾಡಿಸಿದಾಗ ಗಲ್ಲಾಪೆಟ್ಟಿಗೆಯ ಮೇಲೊಂದು ದೇವರ ಗೂಡು ಕಂಡಿತು. ಲಕ್ಷ್ಮಿಯ ಪಟ, ಕೆಂಪು ಬಲ್ಬು, ಮಲ್ಲಿಗೆ ಮೊಳ. ಕರಡಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಗಲ್ಲಾದಲ್ಲಿ ಕೂತಿದ್ದ ನಲ್ಲಪ್ಪ ಅನ್ನುವವನಿಗೆ ಕೊಟ್ಟರು.

"ಇದನ್ನ ಸ್ವಲ್ಪ ದೇವರ ಹತ್ರ ಇಡ್ರಿ."

"ಏನ್ ಸಾರ್, ಪ್ರಸಾದಾನಾ?"

"ಹೂಂ, ಹಂಗ ಅನ್ರಿ. ಬಾಗಲಗುಂಟಿಗೆ ಹೆಣ್ಣು ಕೊಡೂ ಮನಿ ನೋಡಾಕ ಹೊಂಟೀನಿ."

ಇಷ್ಟು ಹೇಳಬೇಕಾಗಿರಲಿಲ್ಲ. ಆದರೆ ಒಳ್ಳೆಯದೊಂದು ಸಿಗುವ ಮುಂಚೆ ಮನುಷ್ಯನ ಬಾಯಿ ಸಡಿಲವಾಗುತ್ತದೆ.

ಬಿಯರ್ ನಿಜಕ್ಕೂ ಚೆನ್ನಾಗಿತ್ತು. ನೊರೆ ಕೆನೆಯಂತೆ ನಿಂತಿತ್ತು. ಒಳಗೆ ಹುರಿದ ಜವೆಗೋಧಿಯ ವಾಸನೆ, ಕೊನೆಯಲ್ಲಿ ನಾಲಿಗೆಯ ಬುಡದಲ್ಲಿ ಸಣ್ಣ ಕಹಿ. ಇದು ಹೊಸ ಮಾಲು ಅಂತ ಅವರ ಮೂಗು ಒಪ್ಪಿತು. ಒಂದು ಮಗ್ ಮುಗಿಸಿ ಇನ್ನೊಂದು ತರಿಸಿದರು. ಕಣ್ಣು ಮುಚ್ಚಿಕೊಂಡು ಕುಡಿದರು. ಇಷ್ಟು ಸುಖವಾಗಿ ಕೂತು ಎಷ್ಟೋ ಕಾಲವಾಗಿತ್ತು. ಆಮೇಲೆ ಬಾಯಿಗೆ ಏಲಕ್ಕಿ ಹಾಕಿಕೊಂಡು, ಹೊಸದಾಗಿ ವಿಭೂತಿ ಬಳಿದುಕೊಂಡು, ಹುಡುಗನ ಚಟ ವಿಚಾರಿಸಲು ಹೊರಟರು.

ಬಾಗಲಗುಂಟೆಯಲ್ಲಿ ಹುಡುಗ ಸಂಗಮೇಶನ ತಾಯಿ ಮಹಾಂತಮ್ಮ ಒಬ್ಬರೇ ಇದ್ದರು. ಮಗ ಪೀಣ್ಯದಲ್ಲಿ ಗ್ಯಾಸ್ ರೆಗ್ಯುಲೇಟರ್ ಮಾಡುವ ಕಂಪನಿಯಲ್ಲಿದ್ದಾನೆ, ಬರುವ ಹೊತ್ತಾಯಿತು ಅಂದರು. ಬಚ್ಚಲಿಗೆ ಬಿಸಿನೀರು ಕೊಟ್ಟರು. ಇವರು ಕೈಕಾಲು ತೊಳೆದು ಬರುವಷ್ಟರಲ್ಲಿ ನಡುಮನೆಯಲ್ಲಿ ಮಣೆ, ತಂಬಿಗೆಯಲ್ಲಿ ನೀರು, ವಿಭೂತಿ ಗಟ್ಟಿ, ತಟ್ಟೆಯಲ್ಲಿ ಪತ್ರೆ. ನಮ್ಮಲ್ಲಿ ಹಿರಿಯರು ಮನೆಗೆ ಬಂದರೆ ಮೊದಲು ಪೂಜೆ, ಆಮೇಲೆ ಊಟ.

"ಪೂಜೆ ಮುಗಿಸ್ಕೊಳ್ರಿ, ರೊಟ್ಟಿ ಬಿಸಿ ಇದಾವೆ," ಅಂದರು ಮಹಾಂತಮ್ಮ.

ಸಿದ್ದರಾಮಪ್ಪ ಮಣೆಯ ಮೇಲೆ ಕೂತು ಅಂಗಿಯೊಳಗೆ ಕೈ ಹಾಕಿದರು. ಕೈಗೆ ಎದೆ ಸಿಕ್ಕಿತು, ಬೇರೇನೂ ಸಿಗಲಿಲ್ಲ.

ಕುಡಿದದ್ದು ಜರ್ರನೆ ಇಳಿಯಿತು. ಲಿಂಗ ಹೆಂಡದಂಗಡಿಯ ಗಲ್ಲಾದ ಮೇಲಿತ್ತು. ಎದ್ದು ಹೋಗೋಣವೆಂದರೆ ಏನು ಹೇಳಿ ಏಳುವುದು? ನಾಚಿಕೆಗೆ ಕಿವಿ ಬಿಸಿಯಾದವು. ಐವತ್ತೆಂಟು ವರ್ಷದ ಮನುಷ್ಯ ಖಾಲಿ ಎಡ ಅಂಗೈ ನೋಡುತ್ತಾ ಕೂತುಬಿಟ್ಟರು.

"ಯಾಕ್ರೀ ಅಣ್ಣಾರ, ಹಂಗೇ ಕೂತ್ರಿ?"

"ಬಸ್ಸಿನ ದಣಿವು ತಾಯಿ."

ಅಷ್ಟರಲ್ಲಿ ಸಂಗಮೇಶ ಬಂದ. ಕೈಗೆ ಗ್ರೀಸು, ಅಂಗಿಯ ಎದೆಯ ಜೇಬು ಉಬ್ಬಿತ್ತು. ಮಣೆ ನೋಡಿದ, ಅಂಗೈ ನೋಡಿದ. "ಅವ್ವಾ, ನಂಗೊಂದ್ಲೋಟ ಟೀ ಮಾಡು," ಅಂದ. ತಾಯಿ ಒಳಗೆ ಹೋದ ಮೇಲೆ ಕೈ ತೊಳೆದು ಬಂದು, ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ.

"ಅಲ್ಲಿ ಪೀಪಾಯಿ ನಲ್ಲಿಗೆ ನೊರೆ ಬರೋ ಗ್ಯಾಸ್ ಸೆಟ್ ಮಾಡೋನು ನಾನೇ ಸಾರ್. ಇವತ್ತು ಹೋಗಿದ್ದೆ, ಮನೆಗೆ ಹೆಣ್ಣಿನ ಕಡೆಯೋರು ಬರ್ತಾರೆ, ಬೇಗ ಹೋಗ್ಬೇಕು ಅಂದೆ. ‘ನಿಮ್ಮನೆಗೇ ಬರ್ತಿರೋರು ಬಿಟ್ಟೋಗಿದಾರೆ’ ಅಂತ ನಲ್ಲಪ್ಪ ಕೊಟ್ಟ."

ಹುಡುಗನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸಿದ್ದರಾಮಪ್ಪನವರಿಗೆ ಸ್ವಲ್ಪ ಹಗುರಾಗುತ್ತಿತ್ತು. ಪೂಜೆಗೆ ಬಗ್ಗಿದಾಗ ಅವರದೇ ಉಸಿರು ಲಿಂಗಕ್ಕೆ ತಾಗಿ, ವಾಸನೆ ವಾಪಸು ಮೂಗಿಗೆ ಬಡಿಯಿತು. ಮಂತ್ರ ಮರೆತುಹೋಯಿತು.

ಊಟವಾದ ಮೇಲೆ ಸಂಗಮೇಶ ಅವರನ್ನು ಎಸ್‌ಟಿಡಿ ಬೂತಿನವರೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ತಾನಾಗಿಯೇ ಹೇಳಿದ: "ನೀವು ಕೇಳಕ್ಕೆ ಬಂದಿದ್ದು ಗೊತ್ತು ಸಾರ್. ಬಾಯಿಗೆ ಒಂದ್ ಗುಟುಕು ಹಾಕ್ಕೊಳ್ದೆ ಗ್ಯಾಸ್ ಸರಿಯಾಗಿದ್ಯಾ ಅಂತ ತಿಳಿಯಲ್ಲ. ಶನಿವಾರ ಕೆಲಸ ಮುಗಿದ್ಮೇಲೆ ಒಂದ್ ಮಗ್ ಕುಡೀತೀನಿ. ಜಾಸ್ತಿ ಇಲ್ಲ. ಅವ್ವಂಗೆ ಗೊತ್ತು. ನಿಮ್ಮನೇಲೂ ಹೇಳ್ಬಿಡಿ."

"ಅವ್ವಗ ಗೊತ್ತೇನು?"

"ಮುಚ್ಚಿಟ್ರೆ ಯಾವತ್ತಾದ್ರೂ ಗೊತ್ತಾಗುತ್ತಲ್ವಾ ಸಾರ್."

ಸಿದ್ದರಾಮಪ್ಪ ಬೂತಿನ ಗಾಜಿನ ಬಾಗಿಲು ಹಾಕಿಕೊಂಡು ನಂಬರು ಒತ್ತಿದರು. ಲಕ್ಷ್ಮವ್ವ ಅಂಗಡಿಯ ಫೋನಿನ ಪಕ್ಕದಲ್ಲೇ ಕಾದು ಕೂತಿದ್ದಳು.

"ನೋಡಿದ್ಯಾ ಅಣ್ಣ? ಕುಡಿತಾನೇನು?"

"ಒಂದೀಟು. ವಾರಕ್ಕೊಮ್ಮೆ. ತಾನ ಹೇಳಿದ. ಭಾಳ ಒಳ್ಳೇ ಹುಡುಗ, ತಂಗೀ."

ಲಕ್ಷ್ಮವ್ವ ಅಂದಳು: "ಬ್ಯಾಡ ಬಿಡಣ್ಣ. ಒಂದೀಟಾದ್ರೂ ಕುಡಿತ ಅಂದ್ರ ಕುಡಿತನ. ನನ್ನ ಮಗಳಿಗೆ ನಿನ್ನಂಥಾವನ ಸಿಗಬೇಕು. ನೀ ಬಂದ್ಬಿಡು."

ಗಾಜಿನಾಚೆ ಸಂಗಮೇಶ ರಸ್ತೆ ನೋಡುತ್ತಾ ನಿಂತಿದ್ದ. ಈಗ ಫೋನಿಟ್ಟರೆ ಸಿದ್ದರಾಮಪ್ಪನವರ ಮರ್ಯಾದೆ ಉಳಿಯುತ್ತಿತ್ತು. ಹುಡುಗನೂ ಯಾರ ಮುಂದೆಯೂ ಬಾಯಿ ಬಿಡುವವನಲ್ಲ. ಅದೇ ಅವರನ್ನು ಕೊಂದುಹಾಕಿತು. ಅಂಗಿಯೊಳಗೆ ಕೈ ಹಾಕಿ ಕರಡಿಗೆಯನ್ನು ಹಿಡಿದುಕೊಂಡರು.

"ಲಕ್ಷ್ಮೀ, ಫೋನ್ ಇಡಬ್ಯಾಡ," ಅಂದರು. "ಲಿಂಗ ಮುಟ್ಟಿ ಹೇಳು ಅಂದಿದ್ದಿಯಲ್ಲ. ಇವತ್ತು ಅದನ್ನ ಎಲ್ಲಿ ಬಿಟ್ಟು ಬಂದಿದ್ದೆ ಅಂತ ಮೊದಲು ಹೇಳ್ತೀನಿ, ಕೇಳು."