ಮೂಲೆಯ ರೊಟ್ಟಿ ಚೂರು

ಹಿಮದ ಮೇಲೆ ಹಾಸಿ ಮಲಗುವ ಪರದೇಶದ ಚಾಪೆಗೆ ಹದಿನೆಂಟು ಸಾವಿರ. ಅದೇ ಕೆಲಸಕ್ಕೆ ಬರುವಂಥದ್ದನ್ನು ಖಾಸಬಾಗದ ಓಣಿಯಲ್ಲಿ ಹೊಲಿಸಿದರೆ ನೈಲಾನ್ ಬಟ್ಟೆ, ತೆಳು ಫೋಮು, ಮಿಂಚುವ ಹಾಳೆ, ನಡುವಿನ ಪಾಲಿಯೆಸ್ಟರ್ ಹತ್ತಿ ಎಲ್ಲಾ ಸೇರಿ ಸಾವಿರದ ನೂರು. ಕೂಲಿ ನಾಲ್ಕು ನೂರು. ಮೊದಲಾಗಿದ್ದರೆ ಆ ಕೂಲಿ ಇಬ್ಬರಿಗೆ ಹಂಚಿಕೆಯಾಗುತ್ತಿತ್ತು. ಯುಗಾದಿಗೆ ಮುಂಚೆ ಅಕ್ಕ ಶಿವಬಸವ್ವ ತೀರಿಕೊಂಡ ಮೇಲೆ ಪದ್ಮವ್ವ ಒಬ್ಬಳೇ.

ಅಕ್ಕತಂಗಿಯರಿಬ್ಬರೂ ಹಳೆ ಬಟ್ಟೆ ತುಂಡುಗಳ ಕೌದಿ ಹೊಲಿದೇ ಬದುಕಿದವರು. ಆ ತುದಿಯಿಂದ ಅವಳು, ಈ ತುದಿಯಿಂದ ಇವಳು, ಎದುರುಬದುರು ಕೂತು ಹೊಲಿಯುತ್ತಿದ್ದರು. ಕೊನೆಯ ಮೂಲೆ ಮುಚ್ಚುವುದು ಮಾತ್ರ ಯಾವತ್ತೂ ಅಕ್ಕನ ಪಾಲು. ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು, “ನಿನ್ನ ಹೊಟ್ಟಿ ತುಂಬೇತಿ, ಇನ್ನ ಮಂದೀನ ಬೆಚ್ಚಗ ಇಡು” ಎಂದು ಕೌದಿಗೆ ಹೇಳುತ್ತಿದ್ದಳು. ಅವರ ತಾಯಿ ಕಲಿಸಿದ ಪದ್ಧತಿ ಅದು.

ಅಕ್ಕ ಹೋದಾಗ ಪದ್ಮವ್ವ ಅಳಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟಳು. ಆಮೇಲೂ ಅಳು ಬರಲಿಲ್ಲ. ಸೂಜಿ ಬೆರಳಿಗೆ ಚುಚ್ಚಿದರೆ, ಬಟ್ಟೆಯ ಮೇಲೆ ಕೆಂಪು ಕಲೆ ಕಂಡಾಗಲೇ ಗೊತ್ತಾಗುತ್ತಿತ್ತು.

ಕೆಲಸ ತಂದವನು ಓಣಿಯ ಶಶಿಧರ. ಪ್ರತಿ ಚಳಿಗಾಲಕ್ಕೆ ಹುಡುಗ ಹುಡುಗಿಯರನ್ನು ಹಿಮಾಲಯ ಹತ್ತಿಸಲು ಕರೆದೊಯ್ಯುವವನು.

“ಕಾಕೂ, ಅರ್ಧ ಕಿಲೋ ದಾಟಬಾರದು, ಬೆನ್ನ ಮ್ಯಾಲ ಹೊತ್ತು ಏರಾವ್ರು. ನೆಲದ ಥಂಡಿ ಮ್ಯಾಲ ಬರಬಾರದು.”

“ಹಂಗಾದ್ರ ಕೌದಿ ಹೊಲಿಗಿ ನಡಿಯೂದಿಲ್ಲೋ. ಹೊಲಿಗಿ ಬಿಗದಲ್ಲೆ ಹತ್ತಿ ಚಪ್ಪಟಿ ಆಕ್ಕೈತಿ. ಥಂಡಿ ಅಲ್ಲಿಂದನ ಬರ್ತೈತಿ.”

ಅಂಚಿಗಷ್ಟೇ ಹೊಲಿಗೆ ಹಾಕಿ, ನಡುವೆ ಅಲ್ಲಲ್ಲಿ ಸಡಿಲ ಗಂಟು ಕಟ್ಟಿ ಐದು ಚಾಪೆ ಮಾಡಿಕೊಟ್ಟಳು. ಖಾನಾಪುರದ ಆಚೆಯ ಗದ್ದೆಯಲ್ಲಿ ಹುಡುಗರು ಅವುಗಳ ಮೇಲೆ ಮಲಗಿ ನೋಡುವುದು, ಪಾಸಾದರೆ ನಲವತ್ತು ಚಾಪೆಯ ಆರ್ಡರು ಎಂದು ಮಾತು. ಕೌದಿ ಕೇಳುವವರು ಈಗ ಇಲ್ಲ. ಈ ಆರ್ಡರು ತಪ್ಪಿದರೆ ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕುವುದೊಂದೇ ದಾರಿ.

ಹುಡುಗರು ಮಲಗಿದ ರಾತ್ರಿಯ ಮರುದಿನ ಬೆಳಿಗ್ಗೆ ಶಶಿಧರನ ಫೋನು ಬಂತು: “ಬಂದು ನೀವ ನೋಡ್ರಿ.” ಪದ್ಮವ್ವ ಬಸ್ಸು ಹಿಡಿದು ಹೋದಳು.

ಭತ್ತ ಕೊಯ್ದ ಗದ್ದೆಯ ಮೇಲೆ ಮಂಜು ಇನ್ನೂ ಕೂತಿತ್ತು. ಸಾಯಿರಾ ಎಂಬ ಕಾಲೇಜು ಹುಡುಗಿ ಚಹಾದ ಲೋಟಕ್ಕೆ ಅಂಗೈ ಒತ್ತಿಕೊಂಡು ನಕ್ಕಳು.

“ಮಸ್ತ ಬೆಚ್ಚಗಿತ್ತ್ರಿ ಕಾಕೂ. ಆದ್ರ ನಮ್ಮ ಕಾಲ ಕಡೆ ಇಲಿ ಬಂದು ತನ್ನ ಪಾಲ ಕೇಳ್ತು ನೋಡ್ರಿ.”

ಐದೂ ಚಾಪೆಗಳಿಗೆ ಒಂದೊಂದು ತೂತು. ಬಿಳಿ ಹತ್ತಿ ಭತ್ತದ ಕೂಳೆಗಳ ಮೇಲೆಲ್ಲ ಹರಡಿತ್ತು.

“ಐದಕ್ಕೂ ಬರೇ ಒಂದ ಮೂಲಿ!” ಶಶಿಧರನ ದನಿ ಏರಿತು. “ಒಳಗ ಏನ ಇಟ್ಟೀರಿ, ಖರೇ ಹೇಳ್ರಿ.”

“ಏನೂ ಇಟ್ಟಿಲ್ಲೋ.” ಅವಳು ಸುಳ್ಳು ಹೇಳಿರಲಿಲ್ಲ. ಬಗ್ಗಿ ತೂತಿನೊಳಗೆ ಬೆರಳು ಹಾಕಿದಳು. ಒಣಗಿದ ಜೋಳದ ರೊಟ್ಟಿಯ ಪುಡಿ ಹತ್ತಿತು. ಅಕ್ಕನ ಕೆಲಸವನ್ನು ಕೈ ಇವಳನ್ನು ಕೇಳದೆಯೇ ಮಾಡಿ ಮುಗಿಸಿತ್ತು. ಪದ್ಮವ್ವ ಆ ಪುಡಿಯನ್ನೇ ನೋಡಿದಳು. ಆಗಲೂ ಅಳು ಬರಲಿಲ್ಲ.

ಪದ್ಧತಿ ಏನೆಂದು ಕೇಳಿಸಿಕೊಂಡ ಶಶಿಧರ ತಲೆ ಕೆರೆದುಕೊಂಡ. “ಹಿಮದಾಗ ಇಲಿ ಇರೂದಿಲ್ಲ, ಖರೆ. ನನ್ನ ಗೋದಾಮದಾಗ ಅದಾವಲ್ರೀ! ನಲವತ್ತ ಚಾಪಿ ತೂತಾದ್ರ ನಾ ಎಲ್ಲಿ ಹೋಗ್ಲಿ? ಅದೊಂದ ಬಿಟ್ಟಬಿಡ್ರಿ ಕಾಕೂ. ಉಳಿದದ್ದೆಲ್ಲಾ ಛಲೋ ಐತಿ. ಬಿಡ್ತೀರೇನು?”

“ಬಿಡ್ತೇನಪಾ.”

“ನನ್ನ ಚಾಪ್ಯಾಗರ ಇಡ್ರಿ,” ಎಂದಳು ಸಾಯಿರಾ. “ಇಲಿ ಬಂದ್ರ ನಾ ನೋಡ್ಕೋತೀನಿ.”

“ಬ್ಯಾಡವ್ವ. ಅದು ನನ್ನ ಕೆಲಸ ಆಗಿದ್ದಿಲ್ಲ.”

ಹರಿದ ಚಾಪೆಗಳನ್ನು ಸುತ್ತಿಕೊಂಡು ಮನೆಗೆ ಬಂದು, ಮಧ್ಯಾಹ್ನ ಸೂಜಿ ಹಿಡಿದು ಕೂತಳು. ಹೊಸ ಹತ್ತಿ ತುಂಬಿ, ಮೂಲೆ ಮುಚ್ಚಿ, ಗಂಟು ಹಾಕಿ ದಾರ ಕಡಿದಳು. ಅಕ್ಕ ಹೇಳುತ್ತಿದ್ದ ಮಾತನ್ನು ಹೇಳಲಿಲ್ಲ. ಬುಟ್ಟಿಯ ರೊಟ್ಟಿ ಹಾಗೇ ಇತ್ತು.

ನಲವತ್ತು ಚಾಪೆಯ ಕೆಲಸ ಸಿಕ್ಕಿತು. ಅಕ್ಕನ ಪಾಲಿಗೆಂದು ಉಳಿದಿದ್ದ ಒಂದು ಕೆಲಸ ಹೋಯಿತು.