ರೋಸಿನ ಸಂಜೆ, ಒಂದು ಸೂಜಿ

ನಾದಿನಿ ಸೆರಾಫಿನಳ ಮೊಣಕೈಯಿಂದ ತೆಂಗಿನಹಾಲು ಬಟ್ಟಲಿಗೆ ತೊಟ್ಟಿಕ್ಕುತ್ತಿದೆ, ಎಷ್ಟು ಬಿಳಿ, ಮದುವೆಯ ಮುನ್ನಾದಿನ ಮಗಳಿಗೆ ಹಚ್ಚುವ ಇಷ್ಟು ಬಿಳಿಯ ರೋಸಿಗೆ ತನ್ನ ಕೈ ಅದ್ದಬೇಕೇ, ಆಗ್ನೆಸ್ ಸೀರೆಯ ನಿರಿಗೆಯನ್ನು ಇನ್ನಷ್ಟು ಕೆಳಗೆಳೆದುಕೊಂಡಳು — ಮೊಣಕಾಲ ಕೆಳಗೆ, ಎಲುಬಿನ ಉದ್ದಕ್ಕೆ ಆ ಮಚ್ಚೆ, ನಡುವೆ ಮೇಣ ಸವರಿದಂತೆ ಹಳದಿ, ಅಂಚು ಕೆಂಪು, ವರ್ಷಗಳಿಂದ ಮಾಯುವುದೂ ಇಲ್ಲ ಕೀವಾಗುವುದೂ ಇಲ್ಲ, ಯಾರೂ ನೋಡಿಲ್ಲ, ಫಳ್ನೀರಿನ ಡಾಕ್ಟರರ ಹೊರತು, ಅವರು ಅವಳ ಮೂತ್ರವನ್ನು ನೀಲಿ ನೀರಿಗೆ ಹಾಕಿ ಕುದಿಸಿದರು, ನೀಲಿಯೆಲ್ಲ ಹಂಚಿನ ಬಣ್ಣವಾಯಿತು, ನೋಡಿ ಆಗ್ನೆಸ್ ಬಾಯಿ, ನಿಮ್ಮದು ಸಕ್ಕರೆ ಕಾಯಿಲೆ, ಈ ಮಚ್ಚೆಯೂ ಅದರದ್ದೇ, ಮದ್ರಾಸಿನಲ್ಲಿ ಇಂಥದ್ದೊಂದು ನೋಡಿದ್ದೇನೆ, ನೀವು ಹೆದರುವ ಆ ದೊಡ್ಡ ರೋಗ ಅಲ್ಲ, ಅನ್ನ ಕಮ್ಮಿ ಮಾಡಿ — ಅಲ್ಲ ಎಂದರು, ಸರಿ, ಆದರೆ ಸೂಜಿಯ ವಿಷಯ ಅವರಿಗೆ ಹೇಳಿದ್ದಳೇ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ್ದಳು, ಗೊತ್ತಿಲ್ಲದೆ ಕೊಟ್ಟ ಧೈರ್ಯಕ್ಕೆ ಏನು ಬೆಲೆ, ಒಂದು ದಿನ ತಾನು ಮಗಳು ವಿನ್ನಿಯ ಮದುವೆಯ ಮುಸುಕಿಗೆ ಲೇಸು ಹೊಲಿಯುತ್ತ ಕುಳಿತವಳು ಸುಮ್ಮನೆ ಸೂಜಿಯ ಮೊನೆಯನ್ನು ಮಚ್ಚೆಗೆ ಒತ್ತಿದ್ದು, ನೋಯಲಿಲ್ಲ, ಇನ್ನೂ ಒತ್ತಿದ್ದು, ಕೈ ಬಿಟ್ಟರೂ ಸೂಜಿ ನಿಂತೇ ಇದ್ದದ್ದು, ಬಿಳಿ ನೂಲು ಜೋತುಬಿದ್ದು — ಸ್ಪರ್ಶವಿಲ್ಲದ ಚರ್ಮ ಅಂದರೆ ಕುಷ್ಠವಲ್ಲದೆ ಇನ್ನೇನು, ಜೆಪ್ಪಿನ ಬಸ್ತ್ಯಾಂವನನ್ನು ಕುಷ್ಠರೋಗಿಗಳ ಆಶ್ರಮಕ್ಕೆ ಸಾಗಿಸಿದ್ದು ಅದಕ್ಕೇ ಅಲ್ಲವೇ, ಆಮೇಲೆ ಅವನ ಹೆಣ್ಣುಮಕ್ಕಳನ್ನು ಯಾರು ಕೇಳಿಕೊಂಡು ಬಂದರು, ವೊನಿ, ಎಂತ ಧ್ಯಾನ ಮಾರಾಯ್ತಿ, ಸೆರಾಫಿನ ಅತ್ತಿಗೆಯನ್ನು ಕೂಗುತ್ತಾಳೆ, ತಾಯಿ ಹಚ್ಚದೆ ಬೇರೆಯವರು ಹಚ್ಚುವ ಹಾಗಿಲ್ಲ, ರೋಸ್ ಒಡೆದು ಹುಳಿಯಾದರೆ ನಾಳೆ ಮದುಮಗ ಮೂಗು ಮುಚ್ಚಿಕೊಂಡು ತಾಳಿ ಕಟ್ಟಿಯಾನು, ಹೆಂಗಸರು ಹಾಡು ನಿಲ್ಲಿಸಿ ನಗುತ್ತಾರೆ, ಮಣೆಯ ಮೇಲೆ ವಿನ್ನಿ ಕಣ್ಣು ಮುಚ್ಚಿ ಮುಖ ಒಡ್ಡಿದ್ದಾಳೆ, ಮುಟ್ಟಿದರೆ ಮಗಳಿಗೆ ಅಂಟಿಸಿದ ಪಾಪ, ಮುಟ್ಟದಿದ್ದರೆ ಯಾಕೆ ಮುಟ್ಟಲಿಲ್ಲ ಎಂಬ ಮಾತು ಬೆಳಗಾಗುವುದರೊಳಗೆ ಬೋಳಾರದ ಬೀಗರ ಮನೆ ಸೇರುತ್ತದೆ, ಮುಸುಕು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ದೇವರೇ, ನನಗೆ ಸಕ್ಕರೆಯೇ ಇರಲಿ, ಅದೊಂದೇ ಇರಲಿ, ಸೆರಾಫಿನಾ, ನೀನೇ ಮೊದಲು ಹಚ್ಚು, ನನಗೆ ತಲೆ ತಿರುಗ್ತದೆ — ಅದೆಲ್ಲ ಆಗೋದಿಲ್ಲ ಮಾಂಯ್, ನೀನು ಮುಟ್ಟದೆ ನಾನು ಏಳೋದಿಲ್ಲ, ವಿನ್ನಿ ತಾನೇ ತಾಯಿಯ ಕೈ ಹಿಡಿದು ಬಟ್ಟಲಿಗೆ ಅದ್ದಿ ಕೆನ್ನೆಗೆ ಒತ್ತಿಕೊಂಡಳು, ಅಬ್ಬಾ, ಎಷ್ಟು ತಣ್ಣಗುಂಟು, ಮೈ ನಡುಗಿಸಿ ನಕ್ಕಳು, ತಣ್ಣಗೆ? ಆಗ್ನೆಸ್ ಬೆರಳ ತುದಿಗಳನ್ನು ಆ ಕೆನ್ನೆಗೆ ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ, ತಣ್ಣಗೆಲ್ಲಿ, ಹಾಲೆಲ್ಲಿ, ಕೆನ್ನೆಯೆಲ್ಲಿ, ಬೆರಳಿಗೆ ಏನೂ ತಿಳಿಯುತ್ತಿಲ್ಲ — ಸೂಜಿ, ಬಿಳಿ ನೂಲು ಜೋತುಬಿದ್ದು, ನೆಟ್ಟಗೆ, ನೋವಿಲ್ಲದೆ ನಿಂತ ಸೂಜಿ