ಸೆರಗಿನ ಸಾಸಿವೆ

"ಸಾಸಿವಿ ಎಲ್ಲಿಟ್ಟೀ?"

ಮಾಳವ್ವ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅಂಗಳದ ಒಲೆಯ ಬಳಿಯಿಂದ ಸೊಸೆಯನ್ನು ಕೇಳಿದಳು. ಕಟ್ಟೆಯ ಮೇಲೆ ಮಲಗಿದ್ದ ಮಗಳ ಹಣೆಯ ಒದ್ದೆ ಬಟ್ಟೆಯನ್ನು ಸತ್ಯವ್ವ ಮಗುಚಿ ಹಾಕಿದಳು. ಹಾಕಿದ ಗಳಿಗೆಯಲ್ಲೇ ಅದು ಬಿಸಿಯಾಗುತ್ತಿತ್ತು. ಗುಡ್ಡವ್ವನಿಗೆ ಮೂರು ವರ್ಷ, ಜ್ವರಕ್ಕೆ ಮೂರು ದಿನ. ಹೋದ ವರ್ಷ ಪ್ಲೇಗಿನಲ್ಲಿ ಸತ್ಯವ್ವನ ಗಂಡ ಹೋದದ್ದೂ ಹೀಗೆಯೇ ಮೈ ಕಾದು.

"ತೀರೇತ್ರಿ ಅತ್ತಿ."

"ಸುಳ್ಳ ಹೇಳಬ್ಯಾಡ. ಸೆರಗಿನ್ಯಾಗ ಗಂಟ ಹಾಕ್ಕೊಂಡೀಯಲ್ಲ, ಅದೇನು?"

ಗಂಟಿನಲ್ಲಿದ್ದದ್ದು ಒಂದು ಚಿಟಿಕೆ ಸಾಸಿವೆ. ಕೇಶ್ವಾಪುರದ ಕ್ರೈಸ್ತ ಪ್ರಾರ್ಥನೆ ಮನೆಯ ಉಪದೇಶಿ ಶಾಂತಯ್ಯನವರು ಕೊಟ್ಟದ್ದು. ನಾಳೆ ಭಾನುವಾರ ತಾಯಿ ಮಗಳಿಗೆ ದೀಕ್ಷಾಸ್ನಾನ, ಬಂದಮೇಲೆ ಬಿತ್ತಬೇಕು. ಬೀಜಗಳಲ್ಲೆಲ್ಲ ಸಣ್ಣದು, ಬೆಳೆದರೆ ಹಕ್ಕಿಗಳಿಗೆ ನೆರಳಾಗುವ ಮರ, ದೇವರ ರಾಜ್ಯವೂ ಹಾಗೆಯೇ ಎಂದಿದ್ದರು. ದೃಷ್ಟಿ ತೆಗೆಯುವುದು, ತಾಯಿತ ಕಟ್ಟುವುದು ನಿಲ್ಲದಿದ್ದರೆ ದೀಕ್ಷೆ ಇಲ್ಲ ಎಂದೂ ಹೇಳಿದ್ದರು. ಸತ್ಯವ್ವ ಅದನ್ನೆಲ್ಲ ಅತ್ತೆಗೂ ಹೇಳಿದ್ದಳು.

"ಮರ ಅಂತ ಮರ!" ಮಾಳವ್ವ ಹತ್ತಿರ ಬಂದಳು. "ಜ್ವಾಳದ ನಡುವ ನಾ ಹಾಕಿದ ಸಾಸಿವಿ ಒಂದ ವರ್ಷಾನೂ ನನ್ನ ಎದಿ ದಾಟಿಲ್ಲ. ಗುಬ್ಬಿ ಕುಂತರ ಬಾಗತೈತಿ. ನಿನ್ನ ಉಪದೇಶಿ ಹೊಲಾ ಕಂಡಾನೋ ಇಲ್ಲೋ!"

"ಬ್ಯಾಡ್ರಿ ಅತ್ತಿ, ಕೈ ಮುಗೀತೇನಿ."

"ಕೂಸಿಗಿಂತ ನಾಳಿನ ನೀರು ಹೆಚ್ಚಾತೇನ ನಿನಗ?"

ಮುದುಕಿ ಸೆರಗು ಜಗ್ಗಿದಳು. ಗಂಟು ಬಿಚ್ಚಿ ಸಾಸಿವೆಯೆಲ್ಲ ಅಂಗಳದ ಕರಿಮಣ್ಣಿಗೆ ಚೆಲ್ಲಿತು.

"ಸತ್ಯವ್ವಾ, ಕೂಸು ಹ್ಯಾಂಗೈತಿ?"

ಬಾಗಿಲಲ್ಲಿ ಶಾಂತಯ್ಯನವರು, ಕಂಕುಳಲ್ಲಿ ಪುಸ್ತಕ.

ಮಾಳವ್ವ ತಲೆ ಎತ್ತಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಮಣ್ಣು ಕೆದರುತ್ತಿದ್ದಳು. ಪೊರೆ ಬಂದ ಕಣ್ಣು, ಕರಿಮಣ್ಣಿನಲ್ಲಿ ಕರಿಕಾಳು. ಸಿಕ್ಕಿದ್ದು ಬರೀ ಹರಳು. ಮಗ ತೀರಿದ ದಿನವೂ ಅವಳು ಹೀಗೇ ಮಣ್ಣು ಕೆದರುತ್ತ ಕುಳಿತಿದ್ದಳು. ಅಂದು ಅವಳ ಕೈ ಯಾರೂ ಹಿಡಿದುಕೊಂಡಿರಲಿಲ್ಲ.

ಸತ್ಯವ್ವ ಮಗಳನ್ನು ಎತ್ತಿಕೊಂಡು ಬಂದು ಅತ್ತೆಯ ಎದುರು ಕುಳಿತಳು.

"ದೃಷ್ಟಿ ಇಳಸ್ರಿ ಅತ್ತಿ. ಉಪ್ಪು ಮೆಣಸಿನಕಾಯಿ ಅಷ್ಟ ಇರಲಿ."

"ಸತ್ಯವ್ವಾ, ನಾಳಿ..." ಶಾಂತಯ್ಯನವರು ತಡೆದರು.

"ಗೊತ್ತೈತ್ರಿ. ಬ್ಯಾಡ ಅಂದ್ರ ಬರೂದಿಲ್ರಿ."

ಮಾಳವ್ವನ ಮುಷ್ಟಿ ಕೂಸಿನ ಸುತ್ತ ಮೂರು ಸಲ ಸುತ್ತಿತು, ಉಪ್ಪು ಮೆಣಸಿನಕಾಯಿ ಒಲೆಗೆ ಬಿದ್ದವು. ಘಾಟಿಗೆ ಎಲ್ಲರೂ ಕೆಮ್ಮಿದರು, ಶಾಂತಯ್ಯನವರೂ. ಅವರು ಹೋಗಲಿಲ್ಲ. ಹೊಸ್ತಿಲಲ್ಲೇ ಕುಳಿತು ಕಣ್ಣು ಮುಚ್ಚಿದರು, ತುಟಿ ಅಲುಗುತ್ತಿದ್ದವು.

ಭಾನುವಾರದ ಗಂಟೆಯನ್ನು ಸತ್ಯವ್ವ ಮನೆಯಿಂದಲೇ ಕೇಳಿದಳು. ದೀಕ್ಷೆ ಮುಂದಿನ ತಿಂಗಳು ನೋಡೋಣ ಎಂದು ಶಾಂತಯ್ಯನವರು ಹೇಳಿಕಳಿಸಿದರು. ಮಂಗಳವಾರ ನಸುಕಿನಲ್ಲಿ ಗುಡ್ಡವ್ವ ಬೆವತಳು, ಗಂಜಿ ಬೇಡಿದಳು.

ಆ ವಾರ ಎರಡು ಸಲ ತುಂತುರು ಬಿತ್ತು. ಶುಕ್ರವಾರ ಮುಂಜಾನೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಸತ್ಯವ್ವ ಹೊರಗೆ ಬಂದಾಗ ಮಾಳವ್ವ ಆಗಲೇ ಅಂಗಳ ಸಾರಿಸಿ ಮುಗಿಸಿದ್ದಳು. ಸಗಣಿಯ ಹಸಿ ಇನ್ನೂ ಆರಿರಲಿಲ್ಲ. ನಟ್ಟನಡುವೆ ಮೊರದಗಲ ಜಾಗ ಮಾತ್ರ ಸಾರಿಸದೆ ಬಿಟ್ಟಿದ್ದಳು. ಕೋಳಿ ಕೆದರದಂತೆ ಸುತ್ತ ಜಾಲಿಮುಳ್ಳು. ಒಳಗೆ ನೂಲಿನಂಥ ದಂಟುಗಳು, ಒಂದೊಂದಕ್ಕೂ ಎರಡೆರಡೇ ಎಲೆ.